ಶತ್ರುಗಳಿಂದ ರಕ್ಷಣೆ

ಲಕ್ಷ್ಮೀಪುರಂನ ಸುಂದರೇಶರು ತಮ್ಮ ಜೀವಮಾನದಲ್ಲಿ ಒಂದು ಗಿಡವನ್ನೂ ನೆಟ್ಟವರಲ್ಲ. ಆದರೂ ಮೈಸೂರಿನ ಸುತ್ತಮುತ್ತಲ ರೈತರಿಗೆ ಬೆಳೆಯನ್ನು ಹುಳದಿಂದ ಕಾಯುವುದು ಹೇಗೆಂದು ಒಂಬತ್ತು ವರ್ಷಗಳಿಂದ ತಿಳಿಸಿಕೊಡುತ್ತಿದ್ದವರು ಅವರೇ. ಇದರಲ್ಲಿ ಆಶ್ಚರ್ಯಪಡತಕ್ಕದ್ದೇನೂ ಇಲ್ಲ. ದಡದ ಮೇಲೆ ನಿಂತು ಈಜು ಕಲಿಸುವವರ ಪಾಠದಲ್ಲಿ ತಪ್ಪು ಹುಡುಕುವುದು ಕಷ್ಟ. ಮುಳುಗಿದವರು ಬಂದು ದೂರು ಹೇಳುವುದಿಲ್ಲ.

ಅವರ ಮುತ್ತಾತ ಅರಮನೆಯಲ್ಲಿ ಬಿನ್ನವತ್ತಳೆಗಳ ಕರಡು ತಿದ್ದುತ್ತಿದ್ದರು. ತಾತ ಆ ಕರಡುಗಳನ್ನು ಬೀರುವಿನಲ್ಲಿಟ್ಟು ಕಾಯುತ್ತಿದ್ದರು. ತಂದೆ ಆ ಬೀರುವಿನ ಬೀಗದ ಕೈಯನ್ನು ಕಾಯುತ್ತಿದ್ದರು. ಹೀಗೆ ವಿದ್ವತ್ತು ತಲೆಮಾರಿನಿಂದ ತಲೆಮಾರಿಗೆ ಇಳಿಯುತ್ತ, ‘ಇಳಿಯುತ್ತ’ ಎಂಬ ಮಾತನ್ನು ಪೂರ್ಣಾರ್ಥದಲ್ಲಿಯೇ ತೆಗೆದುಕೊಳ್ಳಬೇಕು, ಸುಂದರೇಶರ ಕಾಲಕ್ಕೆ ಒಂದು ಹೈಸ್ಕೂಲಿನ ಕನ್ನಡ ಪಂಡಿತರ ಕೆಲಸವಾಗಿ ನಿಂತಿತು. ಮೂವತ್ತೆರಡು ವರ್ಷ ಅವರು ಮಕ್ಕಳಿಗೆ ವಿಭಕ್ತಿ ಪ್ರತ್ಯಯಗಳನ್ನು ಬಾಯಿಪಾಠ ಮಾಡಿಸಿದರು. ಮಕ್ಕಳು ಪರೀಕ್ಷೆಯ ಮರುದಿನವೇ ಮರೆತು ಸುಖವಾಗಿದ್ದರು. ಸುಂದರೇಶರು ಮರೆಯಲಿಲ್ಲ.

ನಿವೃತ್ತಿಯಾದ ಮೇಲೆ ತಿದ್ದುವುದಕ್ಕೆ ಮನೆಯಲ್ಲಿ ಹೆಂಡತಿ ನಾಗಮಣಿಯೊಬ್ಬರೇ ಉಳಿದರು. ಆಕೆ ಹಾಲಿನವನಿಗೆಂದು ಬಾಗಿಲಿಗೆ ಸಿಕ್ಕಿಸಿದ ಚೀಟಿಯಲ್ಲಿ ‘ಅರ್ದ ಲೀಟರ್’ ಎಂದಿದ್ದರೆ ಇವರು ಕೆಂಪು ಶಾಯಿಯಲ್ಲಿ ‘ಅರ್ಧ’ ಎಂದು ತಿದ್ದಿಡುತ್ತಿದ್ದರು. ಮಹಾಪ್ರಾಣ ಬಂದಿತೆಂದು ಹಾಲೇನೂ ಹೆಚ್ಚಾಗಲಿಲ್ಲ.

ಇಂಥ ಹೊತ್ತಿನಲ್ಲಿ ಅವರನ್ನು ಹುಡುಕಿಕೊಂಡು ಬಂದದ್ದು ಸಸ್ಯಸೌಖ್ಯ ಪ್ರತಿಷ್ಠಾನ. ಹದಿನೈದು ಗುಂಟೆ, ಇಪ್ಪತ್ತು ಗುಂಟೆ ಇಟ್ಟುಕೊಂಡು ತರಕಾರಿ ಬೆಳೆಯುವ ಸಣ್ಣ ರೈತರು ವಾರವಾರವೂ ವಿಷ ಸುರಿಯದೆ, ಕೈಗೆಟಕುವ ವಸ್ತುಗಳಿಂದಲೇ ಹುಳದ ಕಾಟವನ್ನು ಹಿಡಿತದಲ್ಲಿಡುವುದು ಹೇಗೆಂದು ತಿಳಿಸುವುದು ಅದರ ಉದ್ದೇಶ. ಉದ್ದೇಶ ಚಿನ್ನದಂಥದು. ಆದರೆ ಆ ಚಿನ್ನ ಇಂಗ್ಲಿಷಿನಲ್ಲಿತ್ತು. ಅದನ್ನು ಕರಗಿಸಿ ಕನ್ನಡದ ಒಡವೆ ಮಾಡುವ ಕೆಲಸ ಸುಂದರೇಶರದಾಯಿತು.

‘ರೈತರಿಗೆ ಅರ್ಥವಾಗುವ ಭಾಷೆಯಲ್ಲಿ’ ಎಂದು ಪ್ರತಿ ಕಡತದ ಮೇಲೂ ಬರೆದಿರುತ್ತಿತ್ತು. ಅರ್ಥವಾಗುವಂತೆ ಬರೆಯುವುದಾದರೆ ಅದಕ್ಕೆ ಪಂಡಿತರೇಕೆ ಬೇಕೆಂದು ಸುಂದರೇಶರಿಗೆ ಪ್ರಾಮಾಣಿಕವಾಗಿಯೇ ತಿಳಿಯಲಿಲ್ಲ. ಎಲೆಯ ರಸ ಹೀರುವ ಸಣ್ಣ ಹುಳಕ್ಕಿರುವ ಹೇನು ಎಂಬ ಮಾತು ಅಚ್ಚಿನಲ್ಲಿ ಬರುವುದು ಅಗೌರವವೆಂದು ಅವರು ‘ಸಸ್ಯಯೂಕ’ ಎಂದು ಬರೆದರು. ಬೇವನ್ನು ‘ನಿಂಬ’ವೆಂದರು. ಹೆಣ್ಣು ಹುಳದ ವಾಸನೆ ತೋರಿಸಿ ಗಂಡು ಹುಳಗಳನ್ನು ಸೆರೆಹಿಡಿಯುವ ಪ್ಲಾಸ್ಟಿಕ್ ಬುರುಡೆಗೆ ‘ಲಿಂಗಾಕರ್ಷಕ ಬಲೆ’ ಎಂದು ನಾಮಕರಣವಾಯಿತು. ಒಂಬತ್ತು ವರ್ಷಗಳಲ್ಲಿ ಒಬ್ಬ ರೈತನೂ ಅರ್ಥವಾಗಲಿಲ್ಲವೆಂದು ಹೇಳಲಿಲ್ಲ. ಅರ್ಥವಾಯಿತೆಂದೂ ಯಾರೂ ಹೇಳಿರಲಿಲ್ಲ. ಅದನ್ನು ಸುಂದರೇಶರು ಗಮನಿಸಿರಲಿಲ್ಲ. ಒಮ್ಮೆ ಮಾರ್ಕೆಟ್ಟಿನ ಬಳಿ ಕೊಂಡ ಕಡಲೆಕಾಯಿಯ ಪೊಟ್ಟಣದ ಮೇಲೆ ತಮ್ಮದೇ ವಾಕ್ಯವನ್ನು ಕಂಡರು. ನಿಂತಲ್ಲೇ ಓದಿ, ಕಾಗುಣಿತ ಸರಿಯಾಗಿರುವುದನ್ನು ಖಚಿತಪಡಿಸಿಕೊಂಡು, ತೃಪ್ತರಾಗಿ ಮನೆಗೆ ಬಂದರು.

ಅವರ ಬೀದಿಯ ಮೂಲೆಯಲ್ಲಿ ದಿನವೂ ಬೆಳಿಗ್ಗೆ ಪುಟ್ಟಲಿಂಗಮ್ಮ ಬದನೆಕಾಯಿಯ ಬುಟ್ಟಿ ಇಟ್ಟುಕೊಂಡು ಕೂರುತ್ತಿದ್ದಳು. ರಿಂಗ್ ರಸ್ತೆಯಾಚೆ, ಎರಡು ಬಡಾವಣೆಗಳ ನಡುವೆ ಸಿಕ್ಕಿಕೊಂಡ ಹದಿನೈದು ಗುಂಟೆ ಅವಳದು. ಈರನಗೆರೆ ಬದನೆಯ ಬೀಜವನ್ನು ಅತ್ತೆಯ ಕಾಲದಿಂದ ಕೈ ಬಿಡದೆ ಉಳಿಸಿಕೊಂಡಿದ್ದಳು. ಓದಿದ್ದು ಏಳನೆಯ ತರಗತಿ. ನಾಗಮಣಿ ಒಂದು ದಿನ ಗಂಡನ ಮೇಲಿನ ಹೆಮ್ಮೆಯಿಂದಲೋ, ಮನೆಯಲ್ಲಿ ಕಟ್ಟುಕಟ್ಟಾಗಿ ಬಿದ್ದಿದ್ದ ಕರಪತ್ರಗಳಲ್ಲಿ ಒಂದಾದರೂ ಕಡಿಮೆಯಾಗಲೆಂದೋ ಅವಳ ಕೈಗೆ ಒಂದನ್ನು ಕೊಟ್ಟರು.

“ನಮ್ಮನೆಯವರು ಬರೆದಿರೋದು ಕಣಮ್ಮ, ಬದನೆ ಮೇಲೆ. ಓದಿ ನೋಡು.”

“ಬದ್ನೆ ಮೇಲೆ ಏನ್ ಬರ್ದವ್ರೆ ಅಮ್ಮಾವ್ರೇ? ಗೊಜ್ಜು ಮಾಡೋದಾ?”

“ಹುಳದ್ದು ಕಣಮ್ಮ, ಹುಳ ಹೋಗಿಸೋದು.”

“ಅಂಗಾದ್ರೆ ಕೊಡಿ. ಗೊಜ್ಜು ನಂಗೆ ಬತ್ತದೆ.”

ಎರಡು ವಾರ ಕಳೆದ ಮೇಲೆ, ಬೆಳಗಿನ ತಿರುಗಾಟಕ್ಕೆ ಹೊರಟ ಸುಂದರೇಶರನ್ನು ಅವಳು ಕೂಗಿ ನಿಲ್ಲಿಸಿದಳು. “ಮೇಷ್ಟ್ರೇ, ನೀವ್ ಬರ್ದಂಗೇ ಮಾಡ್ತಾ ಇವ್ನಿ ಕಣ್ರೀ. ಒಂದಕ್ಸರ ಬುಟ್ಟಿಲ್ಲ.”

ಸುಂದರೇಶರಿಗೆ ಆ ಬೀದಿ ಇದ್ದಕ್ಕಿದ್ದಂತೆ ಅಗಲವಾದ ಹಾಗೆ ಕಂಡಿತು. ಏನು ಮಾಡುತ್ತಿದ್ದೀಯೆಂದು ಅವರು ಕೇಳಲಿಲ್ಲ. ಲೇಖಕನಾದವನು ಓದುಗರನ್ನು ಅಷ್ಟೆಲ್ಲ ವಿಚಾರಿಸುವುದು ಘನತೆಯಲ್ಲ. ಮನೆಗೆ ಬಂದು ಆ ಮಾತನ್ನು ನಾಗಮಣಿಗೆ ಮೂರು ಸಲ ಹೇಳಿದರು, ಮೂರನೆಯ ಸಲ ‘ಅಕ್ಷರ’ವನ್ನು ತಿದ್ದಿ. ಮಧ್ಯಾಹ್ನ ಎಣ್ಣೆಗಾಯಿ ಪಲ್ಯವಾಗಿತ್ತು. ಹೇಳುವುದು ಶಾಸ್ತ್ರ, ತಿನ್ನುವುದು ಬದನೆಕಾಯಿ ಎಂಬ ಗಾದೆ ಅಂದು ಆ ಮನೆಯಲ್ಲಿ ಅಕ್ಷರಶಃ ನಡೆಯಿತು.

ಆಮೇಲೆ ಬೀದಿಯ ಮೂಲೆ ಹತ್ತು ದಿನ ಬರಿದಾಗಿತ್ತು.

ಹನ್ನೊಂದನೆಯ ದಿನ ಶುಕ್ರವಾರ. ಸುಂದರೇಶರು ಜಗುಲಿಯ ಮೇಲೆ ಕುಳಿತು ಬದನೆಯ ಕರಪತ್ರದ ಎರಡನೆಯ ಮುದ್ರಣದ ಮೊದಲ ಪ್ರತಿಯನ್ನು ನೋಡುತ್ತಿದ್ದರು. ಮಂಡಿ ಮೊಹಲ್ಲಾದ ವಿಶ್ವನಾಥ್ ಅವರ ಪ್ರೆಸ್ಸಿನಲ್ಲಿ ಹತ್ತು ಸಾವಿರ ಪ್ರತಿ ಅಚ್ಚಾಗಿತ್ತು. ಸೋಮವಾರ ಅಷ್ಟೂ ಜಿಲ್ಲೆಯ ತರಬೇತಿ ಶಿಬಿರಗಳಿಗೆ ಹೋಗಬೇಕು. ಈ ಸಲ ‘ಕನ್ನಡಕ್ಕೆ: ವಿದ್ವಾನ್ ಸುಂದರೇಶ’ ಎಂಬ ಸಾಲು ಸ್ವಲ್ಪ ದಪ್ಪ ಅಕ್ಷರದಲ್ಲಿ ಬಂದಿತ್ತು. ಅವರು ಅದನ್ನು ಹತ್ತಿರ ಹಿಡಿದು ಒಮ್ಮೆ, ದೂರ ಹಿಡಿದು ಒಮ್ಮೆ ನೋಡುತ್ತಿರುವಾಗ ಗೇಟು ಕಿರುಗುಟ್ಟಿತು.

“ಮೇಷ್ಟ್ರೇ, ನಿಮ್ ಕಾಗ್ದ ತಕೊಳಿ. ನನ್ ಗಿಡವೂ ತಕೊಳಿ.”

ಪುಟ್ಟಲಿಂಗಮ್ಮ ಪ್ಲಾಸ್ಟಿಕ್ ಕವರೊಂದನ್ನು ಜಗುಲಿಯ ಮೇಲೆ ಸುರಿದಳು. ಬದನೆಯ ಎಲೆಗಳು ಮುದುರಿಕೊಂಡಿದ್ದವು. ಮೇಲೆಲ್ಲ ಪಾಕ ಹೊಯ್ದಂತೆ ಅಂಟು. ಅಂಟಿನ ಮೇಲೆ ಸೌದೆ ಒಲೆಯ ಪಾತ್ರೆಯ ತಳದಂಥ ಮಸಿ. ಸುಂದರೇಶರು ಒಂದು ಎಲೆಯನ್ನು ತುದಿಬೆರಳಿನಲ್ಲಿ ಮಗುಚಿದರು. ಅಡಿಯಲ್ಲಿ ಸಾಸಿವೆ ಎರಚಿದಂತೆ ತುಂಬಿದ್ದವು.

“ಅಯ್ಯೋ, ಹೇನು!” ಎಂದರು. ಗಾಬರಿಯಲ್ಲಿ ಯೂಕ ಮರೆತುಹೋಯಿತು.

“ಹೇನೇ. ಹೇನ್ ತಿನ್ನೋವ್ನೆಲ್ಲ ನನ್ ಕೈಯಾರ ಕೊಂದ್ಬುಟ್ಟೆ. ಇನ್ನು ಅವು ಬೆಳೀದೆ ಏನ್ಮಾಡ್ತವೆ?”

“ಕೊಂದೆಯಾ? ಕೊಲ್ಲು ಅಂತ ನಿನಗೆ ಯಾರಮ್ಮ ಹೇಳಿದ್ದು?”

“ನೀವೇ.”

ಅವಳು ಕರಪತ್ರವನ್ನು ಬಿಡಿಸಿ ಒಂದು ಸಾಲಿನ ಮೇಲೆ ಬೆರಳಿಟ್ಟಳು. ‘ಸಹಜ ಶತ್ರುಗಳಿಂದ ಬೆಳೆಯ ರಕ್ಷಣೆ.’ ಕೆಳಗೆ ನಾಲ್ಕು ಬಣ್ಣದ ಚಿತ್ರಗಳು: ಗುಲಗಂಜಿ ಹುಳು, ಜೇಡ, ಕೈ ಮುಗಿದಂತೆ ಕೂರುವ ಹಸಿರು ಹುಳು, ಒಂದು ಸಣ್ಣ ಕಣಜ. ಅದರ ಕೆಳಗೆ, ‘ಇವುಗಳನ್ನು ಪ್ರತಿನಿತ್ಯ ಪ್ರಾತಃಕಾಲದಲ್ಲಿ ಪತ್ರಗಳ ಅಧೋಭಾಗದಲ್ಲಿ ಅನ್ವೇಷಿಸತಕ್ಕದ್ದು.’

“ಶತ್ರುಗಳಿಂದ ರಕ್ಸಣೆ ಅಂತೀರಿ. ಶತ್ರು ಪಟಾನೂ ಆಕಿದೀರಿ. ಈ ‘ಅನ್ವೇಸಿಸಿ’ ಅಂದ್ರೆ ಏನಂತ ನಿಮ್ಮನೆ ಅಮ್ಮಾವ್ರನ್ನೇ ಕೇಳ್ದೆ, ಹುಡುಕೋದು ಅಂದ್ರು. ಶತ್ರುನ ಹುಡುಕ್ಬುಟ್ಟು ಏನ್ಮಾಡ್ಲಿ? ಅರಿಶ್ನ ಕುಂಕ್ಮ ಕೊಟ್ಟು ಕಳಿಸ್ಲಾ? ಹನ್ನೆರಡು ದಿನ ಆಯ್ದು ಆಯ್ದು ಸೀಮೆಎಣ್ಣೆ ನೀರಿಗೆ ಆಕ್ದೆ.”

ಇಂಗ್ಲಿಷಿನ ಮೂಲದಲ್ಲಿ ‘ನ್ಯಾಚುರಲ್ ಎನಿಮೀಸ್’ ಎಂದಿತ್ತು. ಬೆಳೆ ತಿನ್ನುವ ಹುಳಗಳನ್ನು ತಿಂದು ಬದುಕುವ ಹುಳಗಳಿಗೆ ಆ ಶಾಸ್ತ್ರದವರು ಇಟ್ಟ ಹೆಸರು ಅದು. ಸುಂದರೇಶರು ಪದಕ್ಕೆ ಪದವನ್ನು ತೂಗಿ ಇಟ್ಟಿದ್ದರು. ತಕ್ಕಡಿ ಒಂದಿಷ್ಟೂ ಅಲುಗಿರಲಿಲ್ಲ.

“ಇವು ಬೆಳೆಗೆ ಶತ್ರುಗಳಲ್ಲ ಕಣಮ್ಮ. ಹೇನಿಗೆ ಶತ್ರುಗಳು. ಅಂದರೆ ನಮಗೆ ಮಿತ್ರರು.”

“ಅಂಗಂತ ಎಲ್ಲಿ ಬರ್ದಿದೀರಿ?”

“ವ್ಯಾಕರಣದಲ್ಲೇ ಇದೆಯಲ್ಲ! ‘ಶತ್ರುಗಳಿಂದ’ ಅನ್ನೋದು ಇಲ್ಲಿ ತೃತೀಯಾ ವಿಭಕ್ತಿ. ಕೊಡಲಿಯಿಂದ ಕಡಿದನು ಅಂದ ಹಾಗೆ, ಶತ್ರುಗಳ ಮೂಲಕ ರಕ್ಷಣೆ. ನೀನು ತಿಳಿದುಕೊಂಡ ಅರ್ಥ ಬರಬೇಕಾದರೆ ಪಂಚಮಿ ಆಗಬೇಕಿತ್ತು. ಶತ್ರುಗಳ ದೆಸೆಯಿಂದ ಅಂತ ಇರಬೇಕಿತ್ತು.”

ಪುಟ್ಟಲಿಂಗಮ್ಮ ಅವರ ಮುಖವನ್ನೇ ನೋಡಿದಳು. “ಕಳ್ಳರಿಂದ ಮನೆ ಕಾಪಾಡು ಅಂದ್ರೆ, ಕಳ್ಳರನ್ನ ಕಾವ್ಲಿಗೆ ಇಟ್ಕೊಳದಾ ಮೇಷ್ಟ್ರೇ?”

ಒಳಗೆ ಅಡುಗೆಮನೆಯಲ್ಲಿ ಲೋಟವೊಂದು ಬಿದ್ದ ಸದ್ದಾಯಿತು. ನಾಗಮಣಿಯ ಕೈಯಿಂದ ಮದುವೆಯಾದ ಮೇಲೆ ಲೋಟ ಬಿದ್ದದ್ದು ಅದೇ ಮೊದಲು. ಸೆರಗಿನಿಂದ ಬಾಯಿ ಮುಚ್ಚಿಕೊಳ್ಳಲು ಎರಡೂ ಕೈ ಬೇಕಾಗಿತ್ತೇನೋ.

“ಆಮೇಲೆ ನಿಂಬ ಬೀಜದ ಕಸಾಯ ಅಂತ ಬರ್ದಿದೀರಿ. ಎಂಟು ದಿನ ಜ್ಯೂಸ್ ಅಂಗ್ಡಿ ಮುಂದೆ ಭಿಕ್ಸದೋಳ ತರ ನಿಂತ್ಕಂಡು ನಿಂಬೆಬೀಜ ಆಯ್ಕಂಬಂದು ಕುಟ್ಟಿ ಚೆಲ್ದೆ. ಹೇನಿಗೆ ಪಾನಕ ಆಯ್ತು.”

“ಶಿವನೇ! ನಿಂಬ ಅಂದರೆ ಬೇವಮ್ಮ, ಬೇವು!”

“ಬೇವು ಅಂದಿದ್ರೆ ಬಾಯಿ ಕಹಿ ಆಯ್ತಿತ್ತಾ ನಿಮ್ಗೆ? ನಮ್ ಬದಿನಲ್ಲೇ ಬೇವಿನ್ ಮರ ಅದೆ. ಬೀಜ ಉದುರಿ ಕಾಲಿಗೆ ಸಿಕ್ತವೆ.” ಅವಳು ಉಸಿರು ತೆಗೆದುಕೊಂಡಳು. “ಇನ್ನ ಆ ಲಿಂಗಾಕರ್ಸಕ ಬಲೆ. ಹೆಸರಲ್ಲೂ ಲಿಂಗ, ಕೊರಳಲ್ಲೂ ಲಿಂಗ, ಇದ್ಯಾಕೋ ನಾನೇ ಹೋಗಿ ಬೀಳೋ ಬಲೆ ಅಂತ ಅದ್ರ ತಂಟೆಗೇ ಹೋಗ್ಲಿಲ್ಲ.”

ಸೋಲುತ್ತಿರುವ ಪಂಡಿತರು ಎದುರಾಳಿಯ ಬುದ್ಧಿಯನ್ನು ಪ್ರಶ್ನಿಸುವುದು ವಾಡಿಕೆ. ಸುಂದರೇಶರೂ ವಾಡಿಕೆಯನ್ನು ಮೀರಲಿಲ್ಲ. “ಅದೆಲ್ಲ ಇರಲಿ. ಇಷ್ಟು ವರ್ಷ ಗಿಡದ ಜೊತೆಯೇ ಬಾಳಿದವಳು ನೀನು. ಆ ಗುಲಗಂಜಿ ಹುಳ ಹೇನು ತಿನ್ನೋದು ನಿನ್ನ ಕಣ್ಣಿಗೆ ಕಾಣಲಿಲ್ಲವೇ?”

ಅವಳು ಜಗುಲಿಯ ಮೇಲೆ ಚದುರಿದ್ದ ಎಲೆಗಳನ್ನು ಒಂದೊಂದಾಗಿ ಕವರಿಗೆ ತುಂಬುತ್ತ ಹೇಳಿದಳು. “ಕಾಣ್ದೆ ಏನು. ನಮ್ಮತ್ತೆ ಹೇಳೋರು, ಮಂಕಾಗಿರೋ ಚುಕ್ಕೆ ಹುಳ ಎಲೆ ತಿಂತದೆ, ಹೊಳೆಯೋ ಹುಳ ಹೇನ್ ತಿಂತದೆ, ಹೊಳೆಯೋದ್ನ ಮುಟ್ಬ್ಯಾಡ ಅಂತ. ಮೊದಲ್ನೇ ದಿನ ನನ್ ಕೈ ತಡೀತು. ಆದ್ರೆ ನಮ್ಮತ್ತೆ ಹೆಬ್ಬೆಟ್ಟು. ನೀವು ಓದಿದೋರು, ಅಚ್ಚು ಬೇರೆ ಆಕ್ಸಿದೀರಿ. ಅತ್ತೆ ಮಾತು ಬುಟ್ಬುಟ್ಟೆ.”

ಅವಳು ಗೇಟು ಹಾಕಿಕೊಂಡು ಹೋದಳು. ಕರಪತ್ರ ಜಗುಲಿಯ ಮೇಲೆಯೇ ಉಳಿಯಿತು.

ತಾವು ಬರೆದದ್ದನ್ನು ಅಕ್ಷರ ಬಿಡದೆ ಓದಿ, ಓದಿದಂತೆ ನಡೆಯುವ ಒಬ್ಬ ಓದುಗರು ಸಿಗಲೆಂದು ಬರೆಯುವವರೆಲ್ಲರೂ ಹರಸಿಕೊಳ್ಳುತ್ತಾರೆ. ದೇವರು ಅಂಥವರನ್ನು ಕೊಡದಿರುವುದು ಕರುಣೆಯಿಂದ. ಸುಂದರೇಶರಿಗೆ ಒಬ್ಬಳು ಸಿಕ್ಕಿದಳು, ಹದಿನೈದು ಗುಂಟೆ ಹೋಯಿತು. ಸೋಮವಾರ ಹತ್ತು ಸಾವಿರ ಹಾಳೆಗಳು ಹೊರಡುತ್ತವೆ. ಎಲ್ಲವೂ ಕಡಲೆಕಾಯಿ ಪೊಟ್ಟಣವಾಗಲೆಂದು ಹಾರೈಸುವ ಸ್ಥಿತಿಗೆ ವಿದ್ವಾಂಸರು ಬಂದರು. ಆದರೆ ಹತ್ತು ಸಾವಿರದಲ್ಲಿ ಇನ್ನೂ ನೂರು ಜನ ಪುಟ್ಟಲಿಂಗಮ್ಮನವರು ಇದ್ದರೆ? ಊಟಕ್ಕೆ ಕರೆದ ನಾಗಮಣಿಗೆ ಬೇಡವೆಂದು ಹೇಳಿ, ಶರ್ಟು ಹಾಕಿಕೊಂಡು ಪ್ರತಿಷ್ಠಾನಕ್ಕೆ ಹೊರಟರು.

ಅಲ್ಲಿ ಪ್ರಕಟಣೆಗಳ ಉಸ್ತುವಾರಿ ಶರಣ್ಯಾ ಎಂಬ ತರುಣಿಯದು. ಆಕೆ ಕಂಪ್ಯೂಟರಿನ ಮುಂದೆ ಕುಳಿತು, ಸಣ್ಣ ರೈತರ ಅಗತ್ಯಗಳ ಬಗ್ಗೆ ದೊಡ್ಡ ಹೋಟೆಲೊಂದರಲ್ಲಿ ನಡೆಯಲಿದ್ದ ಸಭೆಗೆ ಚಿತ್ರಗಳನ್ನು ಜೋಡಿಸುತ್ತಿದ್ದಳು. ಕರಪತ್ರವನ್ನು ತಡೆಯಬೇಕೆಂದು ಸುಂದರೇಶರು ಕೇಳಿದರು.

“ಸೋಮವಾರ ಹಂಚಲೇಬೇಕು ಸರ್. ಹಂಚೋ ಫೋಟೊ ಅವತ್ತೇ ದುಡ್ಡು ಕೊಟ್ಟೋರಿಗೆ ಕಳಿಸ್ಬೇಕು.”

“ತಪ್ಪಿದೆ ಅಮ್ಮ ಅದರಲ್ಲಿ.”

“ಇರ್ಲಿ ಬಿಡಿ ಸರ್. ಅದನ್ನೆಲ್ಲ ಯಾರು ಓದ್ತಾರೆ?”

“ಒಬ್ಬಳು ಓದಿದಳು.”

ಸಂಸ್ಥೆಯ ಇತಿಹಾಸದಲ್ಲಿ ಹೀಗಾದದ್ದು ಅದೇ ಮೊದಲು; ಇಂಥ ಸಂದರ್ಭದಲ್ಲಿ ಅನುಸರಿಸಬೇಕಾದ ಕ್ರಮ ಯಾವ ಕಡತದಲ್ಲಿಯೂ ಇರಲಿಲ್ಲ. ಸುಂದರೇಶರು ನಡೆದದ್ದನ್ನು ವಿಭಕ್ತಿಸಹಿತ ವಿವರಿಸಿದರು. ಶರಣ್ಯಾ ಕೆಟ್ಟ ಹುಡುಗಿಯಲ್ಲ. ಎಲೆಗಳ ವರ್ಣನೆಗೆ ಬಂದಾಗ ಅವಳ ಕೈ ಮೌಸಿನ ಮೇಲೆಯೇ ನಿಂತಿತು.

“ತಡೀಬಹುದು ಸರ್. ಆದ್ರೆ ಯಾರ ತಪ್ಪು ಅಂತ ಲೆಟರ್ ಬೇಕು. ಅನುವಾದದ ತಪ್ಪು ಅಂದ್ರೆ ಕಮಿಟಿಗೆ ಹೋಗುತ್ತೆ, ನಿಮ್ಮನ್ನ ಪಟ್ಟಿಯಿಂದ ತೆಗೀತಾರೆ. ಒಂದು ಕೆಲಸ ಮಾಡಿ. ಪ್ರೆಸ್ಸಿನೋರು ಮಾಡಿದ ತಪ್ಪು ಅಂತ ಎರಡು ಸಾಲು ಬರೆದುಕೊಟ್ಬಿಡಿ. ಅವರೇ ಮತ್ತೆ ಹೊಡೆದುಕೊಡ್ತಾರೆ.”

ಕನ್ನಡದಲ್ಲಿ ಬರೆಯುವವರಿಗೆ ಮುದ್ರಾರಾಕ್ಷಸನಷ್ಟು ನಿಷ್ಠಾವಂತ ಸೇವಕ ಇನ್ನೊಬ್ಬನಿಲ್ಲ. ಅಚ್ಚಿನ ದೋಷಗಳಿಗೆಲ್ಲ ಹೊಣೆ ಹೊರಲೆಂದೇ ಹುಟ್ಟಿದ ಈ ರಾಕ್ಷಸನು ಎಷ್ಟು ಜನ ವಿದ್ವಾಂಸರ ಅಜ್ಞಾನವನ್ನು ತನ್ನ ತಲೆಯ ಮೇಲೆ ಹೊತ್ತಿದ್ದಾನೋ ಲೆಕ್ಕವಿಲ್ಲ. ಸುಂದರೇಶರು ಪೆನ್ನು ತೆಗೆದು ‘ಮುದ್ರಾ’ ಎಂದು ಬರೆದರು. ಅಲ್ಲಿಗೆ ಕೈ ನಿಂತಿತು.

ಶತ್ರುಗಳ ಆ ಸಾಲಿಗೆ ಅಕ್ಷರ ಜೋಡಿಸುವಾಗ ವಿಶ್ವನಾಥ್ ಫೋನು ಮಾಡಿದ್ದರು. “ಸರ್, ಶತ್ರುಗಳಿಂದ ಅಂದ್ರೆ ಉಲ್ಟಾ ಅರ್ಥ ಬರಲ್ವಾ?” ಎಂದು ಕೇಳಿದ್ದರು. ಸುಂದರೇಶರು ಅವರಿಗೆ ಇಪ್ಪತ್ತು ನಿಮಿಷ ಕಾರಕಗಳ ಪಾಠ ಹೇಳಿ, ಜೋಡಿಸುವುದು ನಿಮ್ಮ ಕೆಲಸ, ಅರ್ಥ ನನ್ನ ಕೆಲಸ ಎಂದು ಮುಗಿಸಿದ್ದರು. ಅರ್ಥ ನನ್ನ ಕೆಲಸ. ಆ ಮಾತನ್ನು ಹೇಳಿದ್ದಕ್ಕೆ ಸಾಕ್ಷಿ ಯಾರೂ ಇರಲಿಲ್ಲ, ವಿಶ್ವನಾಥ್ ಒಬ್ಬರ ಹೊರತು. ಅವರು ಬಾಯಿ ಬಿಡುವವರಲ್ಲ. ಬಿಡುವವರಾಗಿದ್ದರೆ ಚೆನ್ನಾಗಿತ್ತೆಂದು ಸುಂದರೇಶರಿಗೆ ಅನ್ನಿಸಿತು. ಆಗ ಧೈರ್ಯಕ್ಕೆ ಬದಲು ಭಯವೇ ಸಾಕಾಗುತ್ತಿತ್ತು.

‘ಮುದ್ರಾ’ ಎಂಬುದನ್ನು ಹೊಡೆದುಹಾಕಿ ಬರೆದರು: ‘ತಪ್ಪು ನನ್ನದು. ವಾಕ್ಯವು ವ್ಯಾಕರಣಶುದ್ಧವಾಗಿದೆ, ಆದರೆ ರೈತರಿಗೆ ವಿರುದ್ಧಾರ್ಥವನ್ನು ಕೊಡುತ್ತದೆ.’ ವ್ಯಾಕರಣಶುದ್ಧ ಎಂಬುದನ್ನು ಬಿಟ್ಟು ಬರೆಯಬಹುದಿತ್ತು. ಪಶ್ಚಾತ್ತಾಪಕ್ಕೂ ಒಂದು ಮಿತಿಯಿದೆ.

ಶರಣ್ಯಾ ಓದಿ, ಅವರನ್ನೊಮ್ಮೆ ನೋಡಿ, ಪತ್ರವನ್ನು ಕಡತಕ್ಕೆ ಸೇರಿಸಿದಳು. “ಕಮಿಟಿ ಸೇರೋದು ಮೂರು ತಿಂಗಳಿಗೆ ಸರ್. ಅಲ್ಲೀವರೆಗೆ ಹೊಸದು ಅಚ್ಚಾಗಲ್ಲ. ಇರೋ ಪ್ರತಿ ಮೇಲೇ ಏನಾದ್ರೂ ತಿದ್ದಿ ತಂದ್ರೆ ಸೋಮವಾರ ಅದನ್ನೇ ಕಳಿಸ್ತೀನಿ. ಇಲ್ಲಾಂದ್ರೆ ಒಂದೂ ಆಚೆ ಹೋಗಲ್ಲ, ಈ ಬೆಳೆಗೆ ಏನೂ ಸಿಗಲ್ಲ.”

ಶನಿವಾರ ಬೆಳಿಗ್ಗೆ ಮಂಡಿ ಮೊಹಲ್ಲಾದಲ್ಲಿ ವಿಶ್ವನಾಥ್ ಅವರು ಹಾಳೆಯನ್ನು ಬೆಳಕಿಗೆ ಹಿಡಿದು ನೋಡಿದರು. ‘ನಾನು ಅವತ್ತೇ ಹೇಳಲಿಲ್ವಾ’ ಎಂಬ ಮಾತು ಅವರ ನಾಲಗೆಯ ತುದಿಗೆ ಬಂದು ಹಿಂದೆ ಹೋದದ್ದು ಸುಂದರೇಶರಿಗೆ ಕಂಡಿತು. ಹೇಳಿದ್ದರೆ ಅಷ್ಟು ನೋಯುತ್ತಿರಲಿಲ್ಲ.

“ಪಟದ ಮೇಲ್ಗಡೆ ಎರಡು ಬೆರಳು ಜಾಗ ಖಾಲಿ ಇದೆ ಸರ್. ನಾಳೆ ಮೆಷಿನ್ ಬಿಡುವಾಗಿರುತ್ತೆ, ಎಲ್ಲದರ ಮೇಲೂ ಕೆಂಪಲ್ಲಿ ಒಂದು ಸಾಲು ಹೊಡೆದುಕೊಡ್ತೀನಿ. ಸಾಲು ಕೊಡಿ.”

“ಕೆಳಗಿರುವ ನನ್ನ ಹೆಸರನ್ನೂ ಅಳಿಸಿಬಿಡಿ.”

“ಹೆಸರಿರ್ಲಿ ಸರ್. ಬೈಯೋರಿಗೆ ವಿಳಾಸ ಬೇಕಲ್ಲ.”

ಸುಂದರೇಶರು ಕಾಗದದ ರೀಮುಗಳ ನಡುವೆ ಕುಳಿತು ಒಂದು ಗಂಟೆ ಯೋಚಿಸಿ ಬರೆದರು: ‘ಅಧೋನಿರ್ದಿಷ್ಟ ಕೀಟಗಳು ಪೀಡಾಭಕ್ಷಕಗಳಾದ ಕಾರಣ ಅವಧ್ಯವೆಂದು ಪರಿಗಣಿಸತಕ್ಕದ್ದು.’

ವಿಶ್ವನಾಥ್ ಓದಿದರು. ಇನ್ನೊಮ್ಮೆ ಓದಿದರು. “ಸರ್, ಇದರ ಮೇಲೆ ಇನ್ನೊಂದು ಬಣ್ಣದಲ್ಲಿ ಇದಕ್ಕೂ ತಿದ್ದುಪಡಿ ಹೊಡೀಬೇಕಾಗುತ್ತೆ.”

ಅರಮನೆಯ ಬಿನ್ನವತ್ತಳೆಗಳನ್ನು ತಿದ್ದಿದ ವಂಶದಲ್ಲಿ ಒಬ್ಬರು ಒಂದು ಸಾಲು ಬರೆಯಿಸಿಕೊಳ್ಳಲು ಆಟೊ ಹಿಡಿದು ರಿಂಗ್ ರಸ್ತೆಯಾಚೆ ಹೋದದ್ದು ಹೀಗೆ.

ಪುಟ್ಟಲಿಂಗಮ್ಮ ಗಿಡಗಳನ್ನು ಬೇರುಸಹಿತ ಕೀಳುತ್ತಿದ್ದಳು. ಅರ್ಧ ಹೊಲ ಬರಿದಾಗಿತ್ತು. ಕಿತ್ತ ಗಿಡಗಳಲ್ಲಿ ಅಲ್ಲೊಂದು ಇಲ್ಲೊಂದು ಕಾಯಿ ಮಸಿ ಮೆತ್ತಿಕೊಂಡು ನೇತಾಡುತ್ತಿತ್ತು. ಸುಂದರೇಶರು ಚಪ್ಪಲಿ ಬಿಟ್ಟು ಬರಬೇಕೋ ಹಾಕಿಕೊಂಡೇ ಬರಬೇಕೋ ತಿಳಿಯದೆ ಬದುವಿನ ಮೇಲೆ ನಿಂತರು. ಅವಳು ಬನ್ನಿ ಎನ್ನಲಿಲ್ಲ, ಕೂರಿ ಎನ್ನಲಿಲ್ಲ.

“ತಪ್ಪು ನನ್ನದೇ ಅಂತ ಬರೆದುಕೊಟ್ಟು ಬಂದೆ,” ಎಂದರು.

“ಬರ್ದು ಕೊಟ್ರೆ ಗಿಡ ಚಿಗುರ್ತದಾ?”

“ಇಲ್ಲ.” ಅವರು ಜೇಬಿನಿಂದ ಕರಪತ್ರವನ್ನೂ ಪೆನ್ನನ್ನೂ ತೆಗೆದರು. “ಇದೇ ಕಾಗದ ಹತ್ತು ಸಾವಿರ ಜನಕ್ಕೆ ಹೋಗಬೇಕು. ಮೇಲೆ ಒಂದು ಸಾಲಿಗೆ ಜಾಗ ಇದೆ. ನನಗೆ ಬರೆಯೋಕೆ ಬರ್ತಿಲ್ಲ. ನೀನಾದರೆ ಏನಂತ ಬರೀತಿದ್ದೆ?”

ಅವಳು ಕೈಯಲ್ಲಿದ್ದ ಗಿಡವನ್ನು ಕೆಳಗೆ ಹಾಕಿ ಸೊಂಟ ನೇರ ಮಾಡಿದಳು. ಇವರು ತಮಾಷೆ ಮಾಡುತ್ತಿದ್ದಾರೆಯೇ ಎಂದು ನೋಡಿದಳು. ಪೆನ್ನು ಹಿಡಿದು ನಿಂತಿದ್ದ ಮನುಷ್ಯನಿಗೆ ತಮಾಷೆ ಗೊತ್ತಿದ್ದಂತೆ ಕಾಣಲಿಲ್ಲ.

“ಇದ್ರಾಗೇನದೆ ಬರ್ಯಾಕೆ? ‘ಇವು ಹೇನ್ ತಿಂತವೆ. ಇವು ನಮ್ಮವು. ಕೊಲ್ಬ್ಯಾಡಿ.’ ನಿಂಬೆ ಅಲ್ಲ ಬೇವು ಅಂತ್ಲೂ ಆಕಿ.”

ಸುಂದರೇಶರು ಬದುವಿನ ಮೇಲೆ ನಿಂತೇ ಅಂಗೈಯ ಮೇಲೆ ಕಾಗದವಿಟ್ಟು ಬರೆದುಕೊಂಡರು. ‘ಇವು ಹೇನು ತಿನ್ನುತ್ತವೆ. ಇವು ನಮ್ಮವು.’ ಇಲ್ಲಿಗೆ ಪೆನ್ನು ನಿಂತಿತು. ಅವರ ಮುಖದಲ್ಲಿ ಮುಳ್ಳು ಹೊಕ್ಕವರ ಸಂಕಟ ಕಾಣಿಸಿತು.

“ಪುಟ್ಟಲಿಂಗಮ್ಮ, ‘ಕೊಲ್ಬ್ಯಾಡಿ’ ಅನ್ನೋದನ್ನ ‘ಕೊಲ್ಲಬೇಡಿ’ ಅಂತ ಬರೆಯಲಾ?”

“ಅರ್ಥ ಕೆಡ್ತದಾ?”

“ಇಲ್ಲ.”

“ಅಂಗಾದ್ರೆ ಬರ್ಕೊಳಿ,” ಎಂದು ಅವಳು ಮುಂದಿನ ಗಿಡಕ್ಕೆ ಬಗ್ಗಿದಳು. “ನಿಮ್ದೂ ಏನಾದ್ರೂ ಇರ್ಲಿ.”